ಶಿರಸಿಯಿಂದ ಹೊರಟು ಕಾಂಬೋಡಿಯಾ, ವಿಯೆಟ್ನಾಂ: ನೆಲದ ದಾರಿಯ ಪ್ಲಾನ್ ನಾವು ಮಾಡಿಕೊಂಡಿದ್ದು ಹೀಗೆ

ನಾನು, ಹೆಂಡತಿ, ಭಾವ ಮೂವರೂ ಕಾಂಬೋಡಿಯಾಗೆ ಹೊರಟಿದ್ದು ಮೆಣಸಿನ ಕಾರಣಕ್ಕೆ. ಕಾಳುಮೆಣಸು. ಶಿರಸಿ ಮಾರುಕಟ್ಟೆಯಲ್ಲಿ ರೇಟು ಬಿದ್ದಾಗೆಲ್ಲ "ವಿಯೆಟ್ನಾಂ ಮಾಲು ಬಂತಂತೆ" ಅನ್ನುವ ಮಾತು ಕೇಳುತ್ತಲೇ ಇದ್ದೇವೆ, ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ರಫ್ತು ಮಾಡುವ ದೇಶ ಅದು. ಪಕ್ಕದ ಕಾಂಬೋಡಿಯಾದ ಕಾಂಪೋಟ್ ಮೆಣಸಿಗೆ ಇನ್ನೊಂದು ಥರದ ಹೆಸರು, ಬೆಳೆ ಕಡಿಮೆ, ಬೆಲೆ ಜಾಸ್ತಿ. ಎರಡನ್ನೂ ಒಂದೇ ಸುತ್ತಿನಲ್ಲಿ, ನಡುವೆ ವಿಮಾನ ಹತ್ತದೆ, ಬಸ್ಸು ವ್ಯಾನಿನಲ್ಲೇ ನೋಡಿ ಬರಬೇಕು ಅಂತ ಆಸೆ. ಹೋಗಿ ಬಂದ ಮೇಲೆ ಊರಲ್ಲಿ ತುಂಬ ಜನ ಕೇಳುತ್ತಿದ್ದಾರೆ, ಅದಕ್ಕೇ ಎಲ್ಲ ಒಂದು ಕಡೆ ಬರೆಯುತ್ತಿದ್ದೇನೆ.

ನಾವು ಶುರು ಮಾಡಿದ್ದು ಎಲ್ಲಿಗೆ ಹೋಗಬೇಕು ಅನ್ನುವುದರಿಂದ ಅಲ್ಲ, ಯಾವುದನ್ನು ಬಿಡಬೇಕು ಅನ್ನುವುದರಿಂದ. ಕೈಯಲ್ಲಿದ್ದದ್ದು ಎರಡು ವಾರದ ಆಸುಪಾಸು. ವಿಯೆಟ್ನಾಂ ಉದ್ದದ ದೇಶ, ಹನೋಯಿಯಿಂದ ಹೋಚಿಮಿನ್ ಸಿಟಿಗೆ ರೈಲಿನಲ್ಲಿ 1,700 ಕಿ.ಮೀ. ಮೀರುತ್ತದೆ. ಹಾಗಾಗಿ ಹನೋಯಿ, ಹಾಲಾಂಗ್, ಹೋಯ್ ಆನ್ ಎಲ್ಲವನ್ನೂ ಮೊದಲ ದಿನವೇ ಪಟ್ಟಿಯಿಂದ ಹೊಡೆದು ಹಾಕಿದೆವು. ಕಷ್ಟವಾಗಿದ್ದು ದಾಕ್ ಲಾಕ್ ಬಿಡುವುದು. ವಿಯೆಟ್ನಾಂನ ಮೆಣಸಿನ ದೊಡ್ಡ ತೋಟಗಳು ಇರುವುದು ಆ ಕಡೆಯ ಗುಡ್ಡದ ಸೀಮೆಯಲ್ಲಿ. ಆದರೆ ಹೋಚಿಮಿನ್ ಸಿಟಿಯಿಂದ ಅಲ್ಲಿಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು ಬೇಕು, ಬರುವುದಕ್ಕೆ ಇನ್ನೊಂದು. ತೋಟ ನೋಡಲು ಒಂದು ದಿನ ಸಿಗಬೇಕಾದರೆ ಮೂರು ದಿನ ಖರ್ಚು. ಭಾವ ಬಹಳ ಹೊತ್ತು ಮ್ಯಾಪ್ ನೋಡುತ್ತ ಕೂತಿದ್ದ, ಕಡೆಗೆ "ಕಾಂಪೋಟ್ ಸಾಕು ಬಿಡಾ, ಒಂದನ್ನೇ ಸರಿಯಾಗಿ ನೋಡಿ ಬಪ್ಪನ" ಅಂದ. ಆ ಮಾತಿನಿಂದಲೇ ಪ್ಲಾನ್ ಹಿಡಿತಕ್ಕೆ ಬಂತು.

ಆಮೇಲೆ ತಿಂಗಳು. ಅಲ್ಲಿಯೂ ನಮ್ಮ ಹಾಗೇ ನೈರುತ್ಯ ಮುಂಗಾರು, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಪುಸ್ತಕಗಳೆಲ್ಲ ಡಿಸೆಂಬರ್, ಜನವರಿ ಒಳ್ಳೆಯದು ಅನ್ನುತ್ತವೆ. ತೋಟದವರಿಗೆ ಅದು ಆಗುವ ಮಾತಲ್ಲ, ಅಡಿಕೆ ಕೊನೆ (ಗೊನೆ) ಕೊಯ್ಲು ನಡೆಯುವಾಗ, ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗುವುದೇ ಕಷ್ಟ ಇರುವಾಗ, ಮನೆಯಲ್ಲಿ ಅಡಿಕೆ ಸುಲಿತ ಇರುವಾಗ ಯಾರು ಎದ್ದು ಹೋಗುತ್ತಾರೆ? ಅದಲ್ಲದೆ ಜನವರಿ ಕೊನೆಯಿಂದ ಫೆಬ್ರುವರಿ ನಡುವೆ ಎಲ್ಲಾದರೂ ವಿಯೆಟ್ನಾಂನ ಹೊಸ ವರ್ಷ ತೆತ್ ಬೀಳುತ್ತದೆ. ಆ ವಾರ ಅಂಗಡಿ ಮುಚ್ಚಿರುತ್ತವೆ, ಊರಿಗೆ ಹೋಗುವವರಿಂದ ಬಸ್ಸು ತುಂಬಿರುತ್ತದೆ, ವೀಸಾ ಕಚೇರಿಗೂ ರಜ. ಏಪ್ರಿಲ್ ನಡುವೆ ಕಾಂಬೋಡಿಯಾದ ಹೊಸ ವರ್ಷ, ಅದು ಸುಡುಬಿಸಿಲಿನ ಕಾಲ. ಹೀಗೆ ಎಲ್ಲ ಕಳೆದು ಉಳಿದದ್ದು ಮಾರ್ಚ್ ತಿಂಗಳ ಮೊದಲ ಭಾಗ. ನಮ್ಮ ಅಡಿಕೆ, ಮೆಣಸು ಎರಡರ ಕೆಲಸವೂ ಮುಗಿದಿತ್ತು, ಕಾಂಪೋಟ್‌ನಲ್ಲಿ ಮಾತ್ರ ಕೊಯ್ಲು ನಡೆಯುತ್ತಲೇ ಇರುತ್ತದೆ, ಅಲ್ಲಿ ಫೆಬ್ರುವರಿಯಿಂದ ಮೇವರೆಗೂ ಕೊಯ್ಯುತ್ತಾರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುವುದರಿಂದ ಜಾತ್ರೆ ಇಲ್ಲದ ವರ್ಷವನ್ನೇ ಆರಿಸಿದೆವು. ತೋಟಕ್ಕೆ ನೀರು, ಕೊಟ್ಟಿಗೆ ಕೆಲಸ ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಬಿಸಿಲು ಜೋರಿತ್ತು ಅನ್ನುವುದು ನಿಜ, ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಏನೂ ಇಟ್ಟುಕೊಳ್ಳಬೇಡಿ.

ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು? ಇದನ್ನು ತೀರ್ಮಾನ ಮಾಡುವುದು ಗಡಿ ಗೇಟು. ಬ್ಯಾಂಕಾಕ್‌ನಲ್ಲಿಳಿದು ಪೋಯ್‌ಪೆಟ್ ಗೇಟಿನಲ್ಲಿ ಬಸ್ಸಿನಿಂದ ದಾಟಿ ಅಂಕೋರ್ ವಾಟ್ ಇರುವ ಸಿಯೆಮ್ ರೀಪ್‌ಗೆ ಬರುವುದು ಹಳೆಯ ರೂಢಿ. ಆದರೆ 2025ರ ಜೂನ್‌ನಲ್ಲಿ ಥಾಯ್ಲೆಂಡ್ ಕಾಂಬೋಡಿಯಾ ನಡುವಿನ ನೆಲದ ಗಡಿ ಮುಚ್ಚಿತು, ಜುಲೈನಲ್ಲಿ ಎರಡೂ ಸೈನ್ಯಗಳ ನಡುವೆ ಕಾಳಗವೇ ನಡೆಯಿತು. ಆ ದಾರಿಯನ್ನು ನಂಬಿ ಟಿಕೆಟ್ ಮಾಡಿಸುವುದು ಬೇಡ, ಗಡಿಯ ಹತ್ತಿರದ ದೇವಸ್ಥಾನಗಳ ಕಡೆಗೂ ಹೋಗುವುದು ಬೇಡ. ನಾವು ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ನೇರ ಸಿಯೆಮ್ ರೀಪ್‌ಗೆ ಇಳಿದೆವು, ವಾಪಸ್ ಹೋಚಿಮಿನ್ ಸಿಟಿಯಿಂದ ಹತ್ತಿದೆವು. ಹೋಗುವ ಊರು ಒಂದು, ಬರುವ ಊರು ಇನ್ನೊಂದು ಇರುವ ಹಾಗೆ ಒಟ್ಟಿಗೇ ಟಿಕೆಟ್ ಮಾಡಿಸಬಹುದು. ಇದರಿಂದ ಬಂದ ದಾರಿಯಲ್ಲೇ ಹಿಂದೆ ಹೋಗುವ ಎರಡು ದಿನ ಉಳಿಯಿತು.

ಈ ದಿಕ್ಕಿಗೇ ಯಾಕೆ ಅಂದರೆ, ಕಾಂಬೋಡಿಯಾದ ಇ-ವೀಸಾ ಹಿಡಿದು ಒಳಗೆ ಬರಲು ಎಲ್ಲ ಗೇಟಿನಲ್ಲೂ ಬಿಡುವುದಿಲ್ಲ, ಹೊರಗೆ ಹೋಗುವುದಕ್ಕೆ ಆ ತಕರಾರಿಲ್ಲ. ವಿಯೆಟ್ನಾಂ ಇ-ವೀಸಾದಲ್ಲಿ ಒಳಬರುವ ಗೇಟಿನ ಹೆಸರನ್ನು ಅರ್ಜಿಯಲ್ಲೇ ಆರಿಸಬೇಕು, ಪಟ್ಟಿಯಲ್ಲಿ ಹಾ ಟಿಯೆನ್ ಇದೆ, ಕಾಂಪೋಟ್‌ಗೆ ಹತ್ತಿರದ ಗೇಟು ಅದೇ. ಅಂದಮೇಲೆ ಕಾಂಬೋಡಿಯಾ ಮೊದಲು, ವಿಯೆಟ್ನಾಂ ಆಮೇಲೆ. ಗೇಟು ಗಟ್ಟಿಯಾದ ಮೇಲೆ ಉಳಿದ ದಾರಿ ತಾನಾಗಿ ಕೂತಿತು.

ವೀಸಾ ಬಗ್ಗೆ ಇನ್ನಷ್ಟು. ಕಾಂಬೋಡಿಯಾ ಟೂರಿಸ್ಟ್ ವೀಸಾಕ್ಕೆ ಸುಮಾರು 30 ಡಾಲರ್, 30 ದಿನ ಇರಬಹುದು. ವಿಮಾನದಲ್ಲಿ ಹೋಗುವವರು ಇ-ಅರೈವಲ್ ಫಾರ್ಮನ್ನು ಆನ್‌ಲೈನ್‌ನಲ್ಲಿ ಮೊದಲೇ ತುಂಬಬೇಕು. ವಿಯೆಟ್ನಾಂ ಇ-ವೀಸಾ ಒಂದು ಸಲ ಒಳಬರಲು 25 ಡಾಲರ್, 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಿದ್ದಾರೆ. ವೀಸಾ ಶುರುವಾಗುವ ತಾರೀಖಿಗಿಂತ ಒಂದು ದಿನ ಮುಂಚೆ ಹೋದರೂ ಒಳಗೆ ಬಿಡುವುದಿಲ್ಲ, ಆದ್ದರಿಂದ ಪ್ಲಾನ್ ತಾರೀಖಿಗಿಂತ ಮೂರ್ನಾಲ್ಕು ದಿನ ಹಿಂದಿನಿಂದ ಕೇಳಿ. 90 ದಿನ ಸಿಗುವಾಗ ಯಾಕೆ ಬಿಗಿ ಮಾಡಿಕೊಳ್ಳಬೇಕು ಅಲ್ವಾ? ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಿ. ಸರ್ಕಾರದ ಅಧಿಕೃತ ತಾಣದ ಹಾಗೇ ಕಾಣುವ ಏಜೆಂಟರ ತಾಣಗಳು ಬೇಕಾದಷ್ಟಿವೆ, ದುಡ್ಡು ಎರಡು ಪಟ್ಟು ಮೂರು ಪಟ್ಟು ಕೇಳುತ್ತವೆ. ಇನ್ನೊಂದು ಗಂಭೀರ ವಿಷಯ. ಕೆಲಸ ಕೊಡಿಸುತ್ತೇವೆಂದು ನಮ್ಮ ಹುಡುಗರನ್ನು ಕಾಂಬೋಡಿಯಾಗೆ ಕರೆದೊಯ್ದು ಆನ್‌ಲೈನ್ ಮೋಸದ ಕೆಲಸಕ್ಕೆ ಹಚ್ಚಿದ ಪ್ರಕರಣಗಳು ನಡೆದಿವೆ, ನಮ್ಮ ವಿದೇಶಾಂಗ ಸಚಿವಾಲಯ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಎರಡೂ ವೀಸಾ ಕಾಗದದಲ್ಲೇ ಪ್ರಿಂಟ್ ಹಾಕಿಸಿ ಕೈಚೀಲದಲ್ಲಿಡಿ. ಪ್ರವಾಸದ ಇನ್ಶೂರೆನ್ಸ್ ಮಾಡಿಸದೆ ಹೊರಡಬೇಡಿ.

ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬಾರದು. ದೇವಿಮನೆ ಘಟ್ಟ ಇಳಿದು ಶಿರಸಿಯಿಂದ ಕುಮಟಾಕ್ಕೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅರವತ್ತು ಕಿ.ಮೀ. ಅಂದರೆ ಒಂದು ಗಂಟೆ ಅಂತ ನಾವ್ಯಾರೂ ಹೇಳುವುದಿಲ್ಲ. ಸಿಯೆಮ್ ರೀಪ್‌ನಿಂದ ರಾಜಧಾನಿ ನಾಮ್ ಪೆನ್‌ಗೆ 300 ಕಿ.ಮೀ. ಚಿಲ್ಲರೆ, ಆರು ಗಂಟೆ. ನಾಮ್ ಪೆನ್‌ನಿಂದ ಕಾಂಪೋಟ್ ಸುಮಾರು 150, ಮೂರು ಗಂಟೆಗೂ ಜಾಸ್ತಿ. ಕಾಂಪೋಟ್‌ನಿಂದ ಹಾ ಟಿಯೆನ್ 60ರ ಸುತ್ತಮುತ್ತ, ಆದರೆ ಗಡಿ ಇರುವುದರಿಂದ ಅರ್ಧ ದಿನ ಅಂತಲೇ ಇಟ್ಟುಕೊಳ್ಳಿ. ಹಾ ಟಿಯೆನ್‌ನಿಂದ ಮೆಕಾಂಗ್ ನದಿ ಬಯಲಿನ ಊರು ಕನ್ ಥೋ 200ರ ಹತ್ತಿರ, ಅಲ್ಲಿಂದ ಹೋಚಿಮಿನ್ ಸಿಟಿ 170ರ ಹತ್ತಿರ, ನಾಲ್ಕು ಗಂಟೆ. ನಾವು ಮಾಡಿಕೊಂಡ ನಿಯಮ ಇಷ್ಟೇ: ಬಸ್ಸಿನ ದಿನ ಬರೀ ಬಸ್ಸಿನ ದಿನ. ಸಂಜೆ ಊರು ಸುತ್ತಲು ಸಿಕ್ಕಿದರೆ ಲಾಭ, ಸಿಗದಿದ್ದರೆ ನಷ್ಟವಿಲ್ಲ. ಒಂದೇ ರಾತ್ರಿ ಇರುವ ಊರು ಎರಡಕ್ಕಿಂತ ಹೆಚ್ಚು ಇರಬಾರದು. ರಾತ್ರಿ ಬಸ್ಸು ಬೇಡವೇ ಬೇಡ ಅಂದದ್ದು ಹೆಂಡತಿ, ಅದು ಸರಿಯಾದ ಮಾತು. ನಿದ್ದೆಯೂ ಆಗುವುದಿಲ್ಲ, ದಾರಿಯೂ ಕಾಣುವುದಿಲ್ಲ. ದಾರಿ ನೋಡಲೆಂದೇ ನೆಲದ ಮೇಲೆ ಹೋಗುವುದು.

ದುಡ್ಡು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಕಾಂಬೋಡಿಯಾದಲ್ಲಿ ಡಾಲರ್ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆಯನ್ನು ಮಾತ್ರ ಅವರ ರಿಯಲ್‌ನಲ್ಲಿ ಕೊಡುತ್ತಾರೆ, ಒಂದು ಡಾಲರಿಗೆ 4,000 ರಿಯಲ್ ಅಂತ ಅಂದಾಜು. ನೋಟು ಒಂಚೂರು ಹರಿದಿದ್ದರೆ, ಪೆನ್ನಿನ ಗೀಟು ಬಿದ್ದಿದ್ದರೆ ತೆಗೆದುಕೊಳ್ಳುವುದಿಲ್ಲ. ಇಲ್ಲಿ ನೋಟು ಕೊಳ್ಳುವಾಗಲೇ ಒಂದೊಂದೇ ಬೆಳಕಿಗೆ ಹಿಡಿದು ನೋಡಿ, ಒಂದು, ಐದರ ನೋಟು ಜಾಸ್ತಿ ಕೇಳಿ. ಉಳಿದ ರಿಯಲ್ ಗಡಿ ಆಚೆ ಯಾರಿಗೂ ಬೇಡ, ಕಾಂಪೋಟ್‌ನಲ್ಲೇ ಖರ್ಚು ಮಾಡಿ ಮುಗಿಸಿ. ವಿಯೆಟ್ನಾಂನಲ್ಲಿ ಡಾಂಗ್ ಮಾತ್ರ, ಒಂದು ಡಾಲರಿಗೆ 25,000ಕ್ಕೂ ಮೇಲೆ. ಅಲ್ಲಿ 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ, ಎರಡೂ ಪ್ಲಾಸ್ಟಿಕ್. ಕತ್ತಲೆಯಲ್ಲಿ ಟ್ಯಾಕ್ಸಿಯವರಿಗೆ ಕೊಡುವಾಗ ಒಂದರ ಜಾಗದಲ್ಲಿ ಇನ್ನೊಂದು ಹೋದರೆ ದೊಡ್ಡ ಪೆಟ್ಟು. ನಾವು ಎರಡು ಪಾಕೀಟು ಇಟ್ಟುಕೊಂಡಿದ್ದೆವು.

ಸಿಯೆಮ್ ರೀಪ್‌ಗೆ ನಾಲ್ಕು ರಾತ್ರಿ ಕೊಡಿ. ಹೊಸ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ, ಊರಿನಿಂದ ದೂರ, ಒಂದು ಗಂಟೆ ಹಿಡಿಯುತ್ತದೆ. ಅಂಕೋರ್ ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದನ್ನೇ ತೆಗೆದುಕೊಳ್ಳಿ, ಸತತ ಮೂರು ದಿನ ಹೋಗಬೇಕೆಂದಿಲ್ಲ, ಹತ್ತು ದಿನದೊಳಗೆ ಯಾವಾಗಲಾದರೂ ಆದೀತು. ಅಂಕೋರ್ ವಾಟ್ 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ ವಿಷ್ಣು ದೇವಾಲಯ, ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಎಲ್ಲರೂ ಮುಂದಿನ ಕೊಳದ ಹತ್ತಿರ ಸೂರ್ಯೋದಯಕ್ಕೆ ನಿಂತಿರುತ್ತಾರೆ. ನಾವು ಹಿಂದಿನ ಪೂರ್ವದ ಮೊಗಸಾಲೆಗೆ ಹೋದೆವು, ಅಲ್ಲಿ ಸಮುದ್ರ ಮಥನದ ಉದ್ದನೆಯ ಕೆತ್ತನೆ ಇದೆ, ವಾಸುಕಿಯನ್ನು ಹಿಡಿದ ಅಸುರರ ಸಾಲು ಮುಗಿಯುವುದೇ ಇಲ್ಲ. ಪಶ್ಚಿಮದ ಮೊಗಸಾಲೆಯಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನನ್ನು ಭಾವ ದೂರದಿಂದಲೇ ಗುರುತು ಹಿಡಿದ. ಯಕ್ಷಗಾನ ನೋಡಿ ಬೆಳೆದವರಿಗೆ ಅಲ್ಲಿ ಗೈಡ್ ಬೇಡ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಟೋನ್ಲೆ ಸಾಪ್ ಸರೋವರದ ತೇಲುವ ಊರುಗಳನ್ನು ನಾವು ಬಿಟ್ಟೆವು. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ನೀರು ಹಿಂದಕ್ಕೆ ಹರಿದು ಆ ಸರೋವರ ನಾಲ್ಕೈದು ಪಟ್ಟು ಹಿಗ್ಗುತ್ತದೆ, ಫೋಟೋಗಳೆಲ್ಲ ಆಗಿನವು. ಮಾರ್ಚ್‌ನಲ್ಲಿ ನೀರು ತಳ ಕಂಡಿರುತ್ತದೆ, ಮನೆಗಳು ಎತ್ತರದ ಕಂಬಗಳ ಮೇಲೆ ನಿಂತಿರುತ್ತವೆ.

ನಾಮ್ ಪೆನ್‌ನಲ್ಲಿ ಓಡುವುದು ಬಹುಪಾಲು ನಮ್ಮ ಬಜಾಜ್ ಆಟೊ, ಪಾಸ್‌ಆ್ಯಪ್ ಅನ್ನುವ ಆ್ಯಪ್‌ನಲ್ಲಿ ಕರೆದರೆ ಚೌಕಾಸಿ ಇಲ್ಲ. ತುವೋಲ್ ಸ್ಲೆಂಗ್ ಮ್ಯೂಸಿಯಂ ನೋಡಲೇಬೇಕು. ಶಾಲೆಯಾಗಿದ್ದ ಕಟ್ಟಡವನ್ನು, ಲಕ್ಷಾಂತರ ಜನರ ಸಾವಿಗೆ ಕಾರಣವಾದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಆಡಳಿತ ಸೆರೆಮನೆ ಮಾಡಿತ್ತು, 1975ರಿಂದ 1979ರವರೆಗೆ. ತರಗತಿಯೊಳಗೆ ಇಟ್ಟಿಗೆ ಕಟ್ಟಿ ಒಬ್ಬ ಮನುಷ್ಯ ಮಲಗುವಷ್ಟೇ ಗೂಡು ಮಾಡಿದ್ದಾರೆ. ಆ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.

ಕಾಂಪೋಟ್‌ಗೆ ಬರುವ ಹೊತ್ತಿಗೆ ಮೂವರಿಗೂ ಊರಿಗೆ ಬಂದ ಹಾಗಾಯಿತು. ಹೊಳೆ, ಉಪ್ಪಿನ ಗದ್ದೆ, ಹಿಂದೆ ಗುಡ್ಡ, ತೆಂಗು, ಹಲಸು. ಊರಿನ ಹೊರಗೆ ಕೆಂಪು ಮಣ್ಣಿನ ರಸ್ತೆಯಲ್ಲಿ ಹೋದರೆ ಮೆಣಸಿನ ತೋಟಗಳು. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೋ ಹಾಲವಾಣಕ್ಕೋ ಹಬ್ಬುತ್ತದೆ, ಮರ ಎಷ್ಟು ಹೋದರೆ ಬಳ್ಳಿ ಅಷ್ಟು. ಅಲ್ಲಿ ಮರದ ಕಂಬ, ಕೆಲವು ಕಡೆ ಇಟ್ಟಿಗೆ ಕಂಬ, ಎರಡಾಳು ಎತ್ತರ ಅಷ್ಟೇ. ಎಳೆ ಬಳ್ಳಿಗೆ ಮೇಲಿನಿಂದ ತೆಂಗಿನ ಗರಿಯ ನೆರಳು. ಸಾಲು ದಾರ ಹಿಡಿದ ಹಾಗೆ ನೇರ. "ನಮ್ಮನೆ ಬಳ್ಳಿಗಿಂತ ಕುಳ್ಳ ಇದ್ದು, ಆದ್ರೂ ಕಾಯಿ ನೋಡಾ" ಅಂತ ಭಾವ ಗೊಂಚಲನ್ನು ಅಂಗೈ ಮೇಲಿಟ್ಟು ನೋಡುತ್ತಲೇ ಇದ್ದ. ಕೊಯ್ಯುವ ಹೆಂಗಸರು ಸಣ್ಣ ಏಣಿ ಇಟ್ಟುಕೊಂಡು ಕೆಂಪಾದ ಕಾಳನ್ನು ಬೇರೆ ಬುಟ್ಟಿಗೆ, ಹಸಿರನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದರು. ಹಸಿರಿನಿಂದ ಕಪ್ಪು ಮೆಣಸು, ಪೂರ್ತಿ ಹಣ್ಣಾದದ್ದನ್ನು ಬಣ್ಣ ಉಳಿಸಿ ಒಣಗಿಸಿದರೆ ಕೆಂಪು ಮೆಣಸು, ನೆನೆಸಿ ಸಿಪ್ಪೆ ತೆಗೆದರೆ ನಮ್ಮ ಬೋಳುಕಾಳು, ಅಂದರೆ ಬಿಳಿ ಮೆಣಸು.

ನಾನು ಅಲ್ಲಿ ಜಾಸ್ತಿ ಹೊತ್ತು ನಿಂತದ್ದು ಆರಿಸುವ ಕೋಣೆಯಲ್ಲಿ. ಉದ್ದನೆ ಮೇಜು, ಬಿಳಿ ತಟ್ಟೆ, ತಟ್ಟೆ ತುಂಬ ಒಣಗಿದ ಮೆಣಸು. ಒಬ್ಬೊಬ್ಬರ ಕೈಯಲ್ಲೂ ಒಂದು ಚಿಮಟ. ಒಡೆದ ಕಾಳು, ಜೊಳ್ಳು, ತೊಟ್ಟು, ಬಣ್ಣ ಬೇರೆಯಾದದ್ದು, ಒಂದೊಂದನ್ನೇ ಎತ್ತಿ ಪಕ್ಕಕ್ಕೆ. ನಾವು ಗೇರಿ, ತೂರಿ, ಚೀಲಕ್ಕೆ ತುಂಬಿ ಕಳಿಸುವ ಮಾಲಿಗೆ ಅಲ್ಲಿ ಇಷ್ಟು ಕೈ ಬೀಳುತ್ತದೆ. 1970ರ ದಶಕದ ಖಮೇರ್ ರೂಜ್ ಆಡಳಿತದ ಆ ನಾಲ್ಕು ವರ್ಷದಲ್ಲಿ ಕಾಂಪೋಟ್‌ನ ಮೆಣಸಿನ ತೋಟಗಳು ಹೆಚ್ಚುಕಡಿಮೆ ಅಳಿದೇ ಹೋಗಿದ್ದವು. ಆಮೇಲೆ ಉಳಿದ ಬಳ್ಳಿಗಳಿಂದ ಮತ್ತೆ ಎಬ್ಬಿಸಿ, 2010ರಲ್ಲಿ ಆ ದೇಶದ ಜಿಐ (ಇಂಥ ಸೀಮೆಯದೇ ಬೆಳೆ ಅನ್ನುವ ಗುರುತು) ಮಾನ್ಯತೆ, 2016ರಲ್ಲಿ ಯುರೋಪ್‌ನ ಮಾನ್ಯತೆ ಪಡೆದರು. ಶಿರಸಿ ಸುಪಾರಿಗೂ 2019ರಲ್ಲಿ ಜಿಐ ಬಂದಿದೆ. ತೋಟಕ್ಕೆ ಬಂದವರಿಗೆ ಬಳ್ಳಿ ತೋರಿಸಿ, ರುಚಿ ನೋಡಿಸಿ, ಮುದ್ರೆ ಒತ್ತಿದ ಪೊಟ್ಟಣ ಕೈಗೆ ಕೊಟ್ಟು ಕಳಿಸುವ ಕೆಲಸವನ್ನು ನಾವೂ ಮಾಡಬಹುದು ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಒಂದು ಮಾತು, ಬಳ್ಳಿಯ ಕುಡಿ ತರುವ ಆಸೆ ನಮ್ಮವರಿಗೆ ಬಂದೇ ಬರುತ್ತದೆ, ಅನುಮತಿ ಇಲ್ಲದೆ ಗಿಡ, ಕುಡಿ ದೇಶದೊಳಗೆ ತರುವಂತಿಲ್ಲ. ಮೆಣಸಿನ ಬಳ್ಳಿ ಒಣಗಿಸುವ ಸೊರಗು ರೋಗ ನೋಡಿದವರಿಗೆ ಯಾಕೆ ಅಂತ ಗೊತ್ತು.

ಊಟದ ವಿಷಯ. ನಾವು ಸಸ್ಯಾಹಾರಿಗಳು. ಎರಡೂ ದೇಶದಲ್ಲಿ ಮೀನಿನ ಸಾಸ್ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ, ಹಾಗಾಗಿ "ಮಾಂಸ ಬೇಡ" ಅಂದರೆ ಸಾಲದು. ವಿಯೆಟ್ನಾಂನಲ್ಲಿ "ಕೊಮ್ ಚಾಯ್" ಅಂತ ಬೋರ್ಡ್ ಇರುವ ಹೋಟೆಲುಗಳು ಪೂರ್ತಿ ಸಸ್ಯಾಹಾರಿ, ಬೌದ್ಧರು ನಡೆಸುವಂಥವು. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಅಲ್ಲಿಯೂ ಬಹಳ ಜನ ಮಾಂಸ ಬಿಡುತ್ತಾರೆ, ಆಗ ಇನ್ನೂ ಸುಲಭ. ಕಾಂಬೋಡಿಯಾದಲ್ಲಿ ಪ್ರವಾಸಿಗರ ಊರು ಬಿಟ್ಟರೆ ಕಷ್ಟವೇ. ಬಸ್ಸಿನ ದಿನಕ್ಕೆ ಅವಲಕ್ಕಿ, ಚಟ್ನಿಪುಡಿ, ತೊಡದೇವು ಒಯ್ದಿದ್ದೆವು, ಬಾಳೆಹಣ್ಣು ಎಲ್ಲ ಕಡೆ ಸಿಗುತ್ತದೆ.

ಗಡಿಯ ದಿನ ಬೆಳಿಗ್ಗೆಯೇ ಹೊರಡಿ. ಕಾಂಪೋಟ್‌ನಿಂದ ವ್ಯಾನು ಪ್ರೆಕ್ ಚಾಕ್ ಅನ್ನುವ ಕಾಂಬೋಡಿಯಾ ಗೇಟಿಗೆ ಬಿಡುತ್ತದೆ. ಸುತ್ತ ಕ್ಯಾಸಿನೊ ಕಟ್ಟಡ, ಲಾರಿ ಸಾಲು, ಧೂಳು. ಹೊರಹೋಗುವ ಮುದ್ರೆ ಬಿದ್ದಮೇಲೆ ಬ್ಯಾಗ್ ಎಳೆದುಕೊಂಡು ನಡೆದೇ ಆಚೆ ಹೋದೆವು. ವಿಯೆಟ್ನಾಂ ಕಡೆಯ ಅಧಿಕಾರಿ ವೀಸಾ ಕಾಗದದಲ್ಲಿ ಗೇಟಿನ ಹೆಸರಿನ ಸಾಲಿನ ಕೆಳಗೆ ಬೆರಳಿಟ್ಟು ಓದಿದ, ಪಾಸ್‌ಪೋರ್ಟಿನ ಮುಖ ನೋಡಿದ, ಮುದ್ರೆ ಒತ್ತಿದ. ಕಾಗದ ಸರಿ ಇದ್ದರೆ ಅಷ್ಟೇ ಕೆಲಸ. ಅಲ್ಲಿಂದ ಹಾ ಟಿಯೆನ್ ಊರು ಹತ್ತಿರ, ಆ ರಾತ್ರಿ ಅಲ್ಲೇ ಉಳಿದರೆ ಮೈಗೆ ಸುಖ. ಕಾಂಬೋಡಿಯಾದ ಸಿಮ್ ಇಲ್ಲಿ ನಡೆಯುವುದಿಲ್ಲ, ಹೋಟೆಲಿನ ವಿಳಾಸ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ವಿಯೆಟ್ನಾಂ ಬಸ್ಸು ಹತ್ತುವಾಗ ಚಪ್ಪಲಿ ಕಳಚಿ ಅವರು ಕೊಡುವ ಚೀಲದಲ್ಲಿ ಹಾಕಿಕೊಳ್ಳಬೇಕು, ಸೀಟೆಲ್ಲ ಮಲಗುವ ಥರದವು. ಕಿಟಕಿಯಾಚೆ ಉದ್ದಕ್ಕೂ ಕಾಲುವೆ, ಗದ್ದೆ, ಮತ್ತೆ ಕಾಲುವೆ. ಕನ್ ಥೋದಲ್ಲಿ ಕಾಯ್ ರಾಂಗ್ ತೇಲುವ ಸಂತೆ ಇದೆ. ಬೆಳಿಗ್ಗೆ ಐದೂವರೆಯೊಳಗೆ ದೋಣಿ ಹತ್ತಿದರೆ ಉಂಟು, ಎಂಟಕ್ಕೆ ಹೋದರೆ ಪ್ರವಾಸಿಗಳ ದೋಣಿಗಳೇ. ದೊಡ್ಡ ದೋಣಿಯ ಮುಂದೆ ಬಿದಿರು ನೆಟ್ಟು, ತುದಿಗೆ ತಾವು ಮಾರುವ ಅನಾನಸನ್ನೋ ಕುಂಬಳವನ್ನೋ ಕಟ್ಟಿರುತ್ತಾರೆ, ಕೂಗುವ ಕೆಲಸವೇ ಇಲ್ಲ. ರಸ್ತೆ, ಸೇತುವೆ ಆದಂತೆ ಸಂತೆ ವರ್ಷ ವರ್ಷ ಸಣ್ಣದಾಗುತ್ತಿದೆ, ಹೋಗುವವರು ತಡ ಮಾಡಬೇಡಿ.

ಹೋಚಿಮಿನ್ ಸಿಟಿಗೆ ಎರಡು ರಾತ್ರಿ ಸಾಕು. ಯುದ್ಧದ ಮ್ಯೂಸಿಯಂ, ಕುಚಿ ಸುರಂಗ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಬೆನ್ ಥಾನ್ ಮಾರ್ಕೆಟ್ಟಿನ ಹತ್ತಿರದ ಮಾರಿಯಮ್ಮನ ಗುಡಿ, ಹಿಂದೆ ಅಲ್ಲಿದ್ದ ತಮಿಳರು ಕಟ್ಟಿಸಿದ್ದು. ಈಗ ಊದಿನಕಡ್ಡಿ ಹಚ್ಚಿ ಕೈಮುಗಿಯುವವರಲ್ಲಿ ವಿಯೆಟ್ನಾಂ ಜನವೇ ಜಾಸ್ತಿ. ಹೆಂಡತಿ ಅಲ್ಲಿ ಬಹಳ ಹೊತ್ತು ಕೂತಿದ್ದಳು.

ಹತ್ತೇ ದಿನ ಇದೆ ಅನ್ನುವವರು ಕಾಂಪೋಟ್, ಕನ್ ಥೋ ಎರಡನ್ನೂ ಬಿಟ್ಟು ನಾಮ್ ಪೆನ್‌ನಿಂದ ಬಾವೆಟ್, ಮೊಕ್ ಬಾಯ್ ಗೇಟಿನ ಮೂಲಕ ನೇರ ಹೋಚಿಮಿನ್ ಸಿಟಿಗೆ ಬಸ್ಸು ಹಿಡಿಯಿರಿ, ಆರೇಳು ಗಂಟೆಯ ದಾರಿ, ಬಸ್ಸಿನವರೇ ಗಡಿ ದಾಟಿಸುತ್ತಾರೆ. ಹಾಗೆ ಮಾಡುವುದಾದರೆ ವೀಸಾ ಅರ್ಜಿಯಲ್ಲಿ ಹಾ ಟಿಯೆನ್ ಬದಲು ಮೊಕ್ ಬಾಯ್ ಅಂತ ಆರಿಸಿ. ಮೆಣಸು ಬೆಳೆಯುವವರಾದರೆ ಮಾತ್ರ ಸಿಯೆಮ್ ರೀಪ್‌ನಿಂದ ಒಂದು ದಿನ ಕಿತ್ತಾದರೂ ಕಾಂಪೋಟ್‌ಗೆ ಕೊಡಿ.